ರ‍್ಯಾಮ್ ಹೆಚ್ಚಿಸಿದರೆ ಹಳೆಯ ಲ್ಯಾಪ್‌ಟಾಪ್ ಓಡುತ್ತದೆಯೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಗುಂಡಿ ಒತ್ತಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರೂ ತೆರೆದಿರುವುದಿಲ್ಲ. ರ‍್ಯಾಮ್ 8 ಜಿಬಿ ಮಾಡಿಸಿದರೆ ವೇಗ ಎರಡು ಪಟ್ಟಾಗುತ್ತದೆ ಎಂದು ಪರಿಚಯದ ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ, ಅಥವಾ ಹೊಸದನ್ನೇ ಕೊಳ್ಳಲೇ?

ಉತ್ತರ: ಈ ಪ್ರಶ್ನೆಗೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂದು ಲೆಕ್ಕ ಇಟ್ಟಿಲ್ಲ. ಮದುವೆಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ, ಒಮ್ಮೆ ಹಲ್ಲಿನ ವೈದ್ಯರು ನನ್ನ ಬಾಯಿ ತೆರೆಸಿಟ್ಟುಕೊಂಡೇ ಕೇಳಿದ್ದಾರೆ. ಉತ್ತರ ಮಾತ್ರ ಬದಲಾಗಿಲ್ಲ. ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗಗಳಿಲ್ಲದ ಡಿಸ್ಕ್), ಆಮೇಲೆ ರ‍್ಯಾಮ್. ಹೊಸ ಲ್ಯಾಪ್‌ಟಾಪಿನ ಮಾತು ಅದಾದ ಮೇಲೆ. ಅವಸರವಿದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಕುಳಿತವರಿಗಾಗಿ ಆ ‘ಎರಡು ಪಟ್ಟು’ ಎಂಬ ಮಾತನ್ನು ಸ್ವಲ್ಪ ಬಿಡಿಸುತ್ತೇನೆ. ರ‍್ಯಾಮ್ ಎಂದರೆ ವೇಗ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಮೊಬೈಲ್ ಕೊಳ್ಳುವಾಗಲೂ ಜನ ಮೊದಲು ಕೇಳುವುದು ‘ಎಷ್ಟು ಜಿಬಿ ರ‍್ಯಾಮ್?’ ಎಂದೇ. ಈ ನಂಬಿಕೆ ಪೂರ್ತಿ ಸುಳ್ಳಾಗಿದ್ದರೆ ಎಂದೋ ಸತ್ತುಹೋಗುತ್ತಿತ್ತು. ಒಂದು ಕಾಲದಲ್ಲಿ ಅದು ನಿಜವಾಗಿತ್ತು, ತೊಂದರೆ ಇರುವುದೇ ಅಲ್ಲಿ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಕನಿಷ್ಠ 64 ಎಂಬಿ ಸಾಕು, 128 ಎಂಬಿ ಇದ್ದರೆ ಒಳ್ಳೆಯದು ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಅಷ್ಟರಲ್ಲಿ ಯಂತ್ರ ಏದುಸಿರು ಬಿಡುತ್ತಿತ್ತು. ಅದನ್ನು 512ಕ್ಕೆ ಏರಿಸಿದವರಿಗೆ ಹೊಸ ಕಂಪ್ಯೂಟರೇ ಸಿಕ್ಕಂತಾಗುತ್ತಿತ್ತು. ಅಂದು ಆ ಕೆಲಸ ಮಾಡಿ ಭೇಷ್ ಎನ್ನಿಸಿಕೊಂಡವರು ಇಂದಿಗೂ ಅದೇ ಔಷಧಿಯನ್ನು ಬರೆದುಕೊಡುತ್ತಿದ್ದಾರೆ.

ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ರ‍್ಯಾಮ್ ಎಂದರೆ ನಿಮ್ಮ ಮುಂದಿನ ಬಾಳೆಲೆ. ಹಾರ್ಡ್ ಡಿಸ್ಕ್ ಎಂದರೆ ಹಿತ್ತಲಿನ ಅಡುಗೆ ಚಪ್ಪರ, ಅಲ್ಲಿಂದ ಬಡಿಸಲು ಬರುವವನು ಒಬ್ಬನೇ, ಅವನಿಗೂ ಮಂಡಿನೋವು. ನೀವು ಎಲೆಯನ್ನು ಎರಡು ಪಟ್ಟು ದೊಡ್ಡದು ಮಾಡಿದಿರಿ. ಸಾರು ಬೇಗ ಬಂತೇ? ಬರಲಿಲ್ಲ. ಎಲೆ ಅಗಲವಾಯಿತು, ಅಷ್ಟೇ. ಖಾಲಿ ಎಲೆಯ ಮುಂದೆ ಕುಳಿತು ಕಾಯುವುದು ತಪ್ಪಲಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಆಗುವುದು ಇದೇ. ಆಗ ರ‍್ಯಾಮ್ ಖಾಲಿಯಾಗಿಯೇ ಇರುತ್ತದೆ. ವಿಂಡೋಸಿನ ಸಾವಿರಾರು ಪುಟ್ಟ ಕಡತಗಳು ಡಿಸ್ಕಿನಿಂದ ಎದ್ದು ಬಂದು ಅದರಲ್ಲಿ ಕೂರಬೇಕು.

ಆ ಮಂಡಿನೋವು ಎಷ್ಟೆಂದು ಲೆಕ್ಕ ಹಾಕಬಹುದು. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಆ ಮುಳ್ಳು ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಇನ್ನೊಂದು 12 ಮಿಲಿಸೆಕೆಂಡ್ ಹಿಡಿಯಿರಿ. ಒಟ್ಟು 17, 18 ಆಯಿತು. ಹೀಗೆ ಅಲ್ಲೊಂದು ಇಲ್ಲೊಂದು ಚೂರು ಕೇಳಿದರೆ ಸೆಕೆಂಡಿಗೆ ಅರವತ್ತು ಚೂರು ಸಿಕ್ಕರೆ ಹೆಚ್ಚು. ಚೂರೊಂದಕ್ಕೆ 4 ಕೆಬಿ ಎಂದರೆ ಸೆಕೆಂಡಿಗೆ 240 ಕೆಬಿ. ಇದೇ ಡಿಸ್ಕು ಒಂದೇ ದೊಡ್ಡ ಸಿನಿಮಾ ಕಡತವನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಿ ತೋರಿಸಬಲ್ಲದು. ಅದನ್ನು ನೋಡಿ ‘ನನ್ನ ಡಿಸ್ಕ್ ಚೆನ್ನಾಗಿಯೇ ಇದೆ’ ಎಂದು ವಾದಿಸುವವರಿದ್ದಾರೆ. ಡಿಸ್ಕ್ ಚೆನ್ನಾಗಿಯೇ ಇದೆ, ಸ್ವಾಮಿ. ಅದರ ಹುಟ್ಟುಗುಣವೇ ಅಷ್ಟು.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಕಾಯುವ ಸುತ್ತೂ ಇಲ್ಲ. ಸಾಧಾರಣವಾದದ್ದೂ ಅಂಥ ಚೂರುಗಳನ್ನು ಸೆಕೆಂಡಿಗೆ ಸಾವಿರಗಟ್ಟಲೆ ತಂದುಕೊಡುತ್ತದೆ. ಅರವತ್ತೆಲ್ಲಿ, ಸಾವಿರಗಳೆಲ್ಲಿ! ರ‍್ಯಾಮನ್ನು ಎಷ್ಟು ತುಂಬಿಸಿದರೂ ಈ ಅಂತರ ಮುಚ್ಚುವುದಿಲ್ಲ.

ನನ್ನ ಅತ್ತಿಗೆಯ ಲ್ಯಾಪ್‌ಟಾಪಿನ ಮೇಲೆ ಇದನ್ನು ಗಡಿಯಾರ ಹಿಡಿದು ನೋಡಿದ್ದೇನೆ. ಮೊದಲು ಅವರ ಹಟಕ್ಕೆ ರ‍್ಯಾಮ್ 4ರಿಂದ 8 ಜಿಬಿ ಮಾಡಿಸಿದೆವು. ತೆರೆದು ಬಳಕೆಗೆ ಸಿಗಲು ಮೂರು ನಿಮಿಷ ಹಿಡಿಯುತ್ತಿದ್ದದ್ದು ಹತ್ತು ಸೆಕೆಂಡ್ ಕಡಿಮೆಯಾಯಿತು. ‘ಬೇಗ ಆಯಿತಲ್ಲ ಭಾವ!’ ಎಂದು ಅವರು ಸಂಭ್ರಮಿಸಿದರು; ಕಾಸು ಕೊಟ್ಟವರಿಗೆ ಹಾಗೆ ಕಾಣುವುದು ಸಹಜ. ಎರಡು ತಿಂಗಳ ನಂತರ ಎಸ್‌ಎಸ್‌ಡಿ ಹಾಕಿದೆವು. ಇಪ್ಪತ್ತೆರಡು ಸೆಕೆಂಡ್. ಆ ದಿನ ಅತ್ತಿಗೆ ಏನೂ ಹೇಳಲಿಲ್ಲ, ಮುಚ್ಚಿ ಮತ್ತೆ ತೆರೆದು ನೋಡಿದರು.

ಹಾಗಾದರೆ ರ‍್ಯಾಮ್ ದಂಡವೇ? ಅಲ್ಲ. ಎಲೆ ತೀರಾ ಚಿಕ್ಕದಾದಾಗ ಇನ್ನೊಂದು ಅವಾಂತರ ಆಗುತ್ತದೆ. ಜಾಗ ಸಾಲದೆ, ಎಲೆಯಲ್ಲಿದ್ದ ಪಲ್ಯವನ್ನು ಅಡುಗೆ ಚಪ್ಪರಕ್ಕೆ ವಾಪಸು ಕಳಿಸಿ, ಬೇಕಾದಾಗ ಮತ್ತೆ ತರಿಸಿಕೊಳ್ಳುವ ಸ್ಥಿತಿ. ನಮ್ಮ ಪಂಕ್ತಿಯಲ್ಲಿ ಅದು ನಿಷಿದ್ಧ, ಕಂಪ್ಯೂಟರಿಗೆ ಎಂಜಲು ಮುಸುರೆಯ ಯೋಚನೆ ಇಲ್ಲ. ರ‍್ಯಾಮ್ ತುಂಬಿದಾಗ ಅದು ಡಿಸ್ಕಿನ ಒಂದು ಮೂಲೆಯನ್ನೇ ರ‍್ಯಾಮಿನಂತೆ ಬಳಸತೊಡಗುತ್ತದೆ. ನಿಮ್ಮ 4 ಜಿಬಿಯಲ್ಲಿ ಬ್ರೌಸರಿನ ಹತ್ತು ಟ್ಯಾಬ್ ತೆರೆದರೆ ಇದು ಖಂಡಿತ ನಡೆಯುತ್ತಿದೆ. ಆದ್ದರಿಂದ ನಿಮಗೆ ಎರಡೂ ಬೇಕು, ಆದರೆ ಸರದಿ ತಪ್ಪಿಸಬೇಡಿ. 8 ಜಿಬಿ ಇದ್ದು, ಪತ್ರ ಟೈಪು ಮಾಡಿ ಮಿಂಚಂಚೆ ನೋಡುವವರು 16 ಮಾಡಿಸಿದರೆ ಮಾತ್ರ ಅದು ದಂಡವೇ.

ಯಾರ ಮಾತನ್ನೂ ನಂಬಬೇಕಿಲ್ಲ, ನನ್ನದನ್ನೂ ಸಹ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನನಿತ್ಯದ ಕೆಲಸವನ್ನೆಲ್ಲ ತೆರೆದಿಟ್ಟುಕೊಂಡು ಅಲ್ಲಿ ನೋಡಿ. ಮೆಮೊರಿ ಶೇ. 60ರ ಆಸುಪಾಸಿನಲ್ಲಿದ್ದು, ಡಿಸ್ಕ್ ಶೇ. 100 ತೋರಿಸುತ್ತ, ಓದಿನ ವೇಗ ಸೆಕೆಂಡಿಗೆ ಒಂದೋ ಎರಡೋ ಎಂಬಿ ಇದ್ದರೆ ಕಳ್ಳ ಯಾರೆಂದು ಗೊತ್ತಾಯಿತಲ್ಲ. ಮೆಮೊರಿಯೂ ಶೇ. 90 ದಾಟಿ ಕುಳಿತಿದ್ದರೆ ಕಳ್ಳರು ಇಬ್ಬರು.

ಕೊಳ್ಳುವ ಮಾತು ಬೇಗ ಮುಗಿಸುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಗೋ ನಿಮ್ಮೂರಿನ ಅಂಗಡಿಗೋ ಹೋಗುವ ಮೊದಲು ಹಳೆಯ ರ‍್ಯಾಮಿನ ಮೇಲಿರುವ ಚೀಟಿಯ ಫೋಟೊ ತೆಗೆದುಕೊಳ್ಳಿ. ಪಿಸಿ3ಎಲ್ ಎಂದಿದ್ದರೆ ಡಿಡಿಆರ್3ಎಲ್, ಪಿಸಿ4 ಎಂದಿದ್ದರೆ ಡಿಡಿಆರ್4. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಬೇಡಿ. ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಮಾಡುವುದೇನೂ ಇಲ್ಲ. ಡಿಸ್ಕಿನ ವಿಷಯದಲ್ಲಿ, ನಿಮ್ಮ ಹಳೆಯ ಹಾರ್ಡ್ ಡಿಸ್ಕ್ ಕುಳಿತ ಜಾಗದಲ್ಲೇ 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನದೇ ಬಗೆಯ ಜೋಡಣೆ) ಎಸ್‌ಎಸ್‌ಡಿ ಕೂರುತ್ತದೆ. ‘ಇದು 550 ಎಂಬಿ ವೇಗ ಅಷ್ಟೇ, ಎನ್‌ವಿಎಂಇ 3,500’ ಎಂದು ಯಾರಾದರೂ ಆ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯ ಆಸೆ ಹುಟ್ಟಿಸಿದರೆ, ಅದಕ್ಕೆ ಬೇಕಾದ ಎಂ.2 ಕಿಂಡಿ ಮೊದಲು ನಿಮ್ಮ ಯಂತ್ರದಲ್ಲಿ ಇದೆಯೇ ನೋಡಿ. ಇರುವ ಕಿಂಡಿಯೂ ಕೆಲವೊಮ್ಮೆ ಸಾಟಾವನ್ನಷ್ಟೇ ಒಪ್ಪುತ್ತದೆ. ಹಾರ್ಡ್ ಡಿಸ್ಕಿನಿಂದ ಬರುವವರಿಗೆ 550 ಕೂಡ ಸ್ವರ್ಗವೇ.

ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದಂತೆ ಎಂಬ ಭಯಕ್ಕೆ ಎರಡೇ ಸಾಲು. 500 ಜಿಬಿಯ ಹಲವು ಎಸ್‌ಎಸ್‌ಡಿಗಳಿಗೆ ತಯಾರಕರು 300 ಟಿಬಿ ಬರೆಯುವವರೆಗೆ ಖಾತರಿ ಕೊಡುತ್ತಾರೆ. ದಿನಕ್ಕೆ 20 ಜಿಬಿ ಬರೆದರೂ ಅದಕ್ಕೆ ನಲವತ್ತು ವರ್ಷ ಬೇಕು.

ಇನ್ನು ಹೊಸದನ್ನು ಕೊಳ್ಳುವ ಪ್ರಶ್ನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ತೂತು ಮುಚ್ಚುವ ಅಪ್‌ಡೇಟುಗಳು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರಿನಿಂದ ಮೇಲಕ್ಕೆ ಮಾತ್ರ ಅಧಿಕೃತ. 2017ರ ನಿಮ್ಮ ಯಂತ್ರ ಬಹುಶಃ ಏಳನೆಯದು. ಬ್ಯಾಂಕ್ ವ್ಯವಹಾರವನ್ನು ಅದರಲ್ಲೇ ಮಾಡುವವರಾದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಸ್‌ಡಿ ಹಾಕಿ, ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಇಳಿಸಿಕೊಂಡರೆ ಯಂತ್ರ ಇನ್ನೂ ನಾಲ್ಕಾರು ವರ್ಷ ದುಡಿಯುತ್ತದೆ. ಮುಂದೆ ಹೊಸದು ಕೊಂಡರೂ ಎಸ್‌ಎಸ್‌ಡಿ ವ್ಯರ್ಥವಲ್ಲ, ಒಂದು ಕೇಸಿನಲ್ಲಿ ಹಾಕಿದರೆ ಯುಎಸ್‌ಬಿ ಡಿಸ್ಕ್ ಆಗುತ್ತದೆ.

ನೀವು ಕೇಳದ ಪ್ರಶ್ನೆಯೊಂದಿದೆ, ಎಸ್‌ಎಸ್‌ಡಿ ಹಾಕಿಸಿದ ವಾರದೊಳಗೆ ಕೇಳಿಯೇ ಕೇಳುತ್ತೀರಿ. ‘ವಿಂಡೋಸ್ ಹೊಸದಾಗಿ ಹಾಕಿದ್ದಾರೆ, ನನ್ನ ಕನ್ನಡ ಕಡತಗಳೆಲ್ಲ ಕೆಟ್ಟುಹೋಗಿವೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.’ ಕೆಟ್ಟಿಲ್ಲ. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಪದ್ಧತಿ) ಅಲ್ಲದ ಫಾಂಟು ಬಳಸಿ ಟೈಪು ಮಾಡಿದ್ದರೆ, ಕಡತದೊಳಗೆ ಇರುವುದು ನಿಜಕ್ಕೂ ರೋಮನ್ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟು. ಹೊಸ ವಿಂಡೋಸಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು. ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ, ಅದರ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ತಂದು ಸ್ಥಾಪಿಸಿದರೆ ಅಕ್ಷರಗಳು ಮತ್ತೆ ಕನ್ನಡವಾಗುತ್ತವೆ. ಆಮೇಲೆ ಪರಿವರ್ತಕ ತಂತ್ರಾಂಶ ಬಳಸಿ ಅವನ್ನು ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ತಿದ್ದಿ. ಅದು ಒಂದು ಮಳೆಗಾಲದ ಕೆಲಸ.

ಹಾಗಾಗಿ ಹಳೆಯ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಗುಜರಿಗಂತೂ ಹಾಕಲೇಬೇಡಿ. ಫಾರ್ಮ್ಯಾಟ್ ಮಾಡಿದ್ದೇನೆ ಎಂಬ ಧೈರ್ಯವೂ ಬೇಡ, ಅವಸರದ ಫಾರ್ಮ್ಯಾಟ್ ಅಳಿಸುವುದು ಪರಿವಿಡಿಯನ್ನು ಮಾತ್ರ, ಪುಟಗಳು ಹಾಗೇ ಇರುತ್ತವೆ. ಹೊಸ ಎಸ್‌ಎಸ್‌ಡಿಯಲ್ಲಿ ನಿಮ್ಮ ಹತ್ತು ವರ್ಷದ ಹಿಂದಿನ ಐದಾರು ಕನ್ನಡ ಕಡತಗಳನ್ನು ತೆರೆದು, ಓದಿ, ಸರಿಯಾಗಿವೆ ಎಂದು ಖಾತ್ರಿಯಾಗುವವರೆಗೆ ಅದು ನಿಮ್ಮ ಬೀರುವಿನಲ್ಲೇ ಇರಲಿ.