ಡೊಂಬಿವಲಿಯ ಹೆಸರು ಹೊತ್ತ ಸಂಖ್ಯೆ

ಮುಂಬಯಿಯ ಸೆಂಟ್ರಲ್ ಲೈನಿನ ಡೊಂಬಿವಲಿಯಲ್ಲಿ ಕನ್ನಡಿಗರ ಮನೆಗಳು ಬಹಳ. ಆ ನಿಲ್ದಾಣದ ಹೆಸರು ಗಣಿತದಲ್ಲೂ ನೆಲೆಯೂರಿದೆ ಎಂಬುದು ಅಲ್ಲಿನ ಮಕ್ಕಳಿಗೆ ಅವಶ್ಯವಾಗಿ ತಿಳಿಯಬೇಕಾದ ಸಂಗತಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂದೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಅವರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರ ಹೊಳೆದದ್ದು ಈ ನಿಲ್ದಾಣದಲ್ಲಿ. ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಕಾಲದಲ್ಲಿ ಅದಕ್ಕಿದ್ದ ‘ಡೆಮ್ಲೊ’ ಎಂಬ ಹೆಸರಿನಿಂದಲೇ ಅವರು ಅವುಗಳನ್ನು ‘ಡೆಮ್ಲೊ ಸಂಖ್ಯೆಗಳು’ ಎಂದು ಕರೆದರು. ಅವುಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು 12345678987654321.

ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಹದಿನೇಳು ಅಂಕಿಗಳ ಸಂಖ್ಯೆ 123 ಕೋಟಿ ಕೋಟಿಗೂ ಮಿಗಿಲು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅದು ಹದಿನೈದು ಅಂಕಿಗಳನ್ನಷ್ಟೇ ಉಳಿಸಿಕೊಂಡು ಕೊನೆಯ ಎರಡನ್ನು ಸೊನ್ನೆ ಮಾಡಿಬಿಡುತ್ತದೆ. ಆದ್ದರಿಂದ ಕಾಗದ, ಪೆನ್ಸಿಲ್ ಹಿಡಿಯುವುದೇ ಮೇಲು.

ಇದು 111111111ರ ವರ್ಗ. ಒಂಬತ್ತು ಒಂದುಗಳ ಸಾಲನ್ನು, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸುತ್ತ, ಒಂಬತ್ತು ಬಾರಿ ಒಂದರ ಕೆಳಗೊಂದು ಬರೆದು ಕೂಡಿ ನೋಡಿ. ಬಲತುದಿಯ ಸ್ಥಾನದಲ್ಲಿ ಒಂದೇ ಒಂದು 1 ಇರುತ್ತದೆ, ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು. ಹೀಗೆ ನಟ್ಟನಡುವೆ ಒಂಬತ್ತಕ್ಕೆ ಏರಿ, ಅಲ್ಲಿಂದ ಮತ್ತೆ ಒಂದಕ್ಕೆ ಇಳಿಯುತ್ತದೆ. ಯಾವ ಸ್ಥಾನದ ಮೊತ್ತವೂ 9ನ್ನು ದಾಟದ ಕಾರಣ ಕೈಯಲ್ಲಿ ಏನೂ ಉಳಿಯುವುದಿಲ್ಲ, ಏರಿಳಿತ ಹಾಗೆಯೇ ಉತ್ತರದಲ್ಲಿ ಮೂಡುತ್ತದೆ.

ಹತ್ತು ಒಂದುಗಳನ್ನು ತೆಗೆದುಕೊಂಡರೆ ಈ ಚೆಲುವು ಮುರಿಯುತ್ತದೆ: ವರ್ಗ 1234567900987654321. ನಡುವಿನ ಮೊತ್ತ 10 ಆದ್ದರಿಂದ ಅಲ್ಲಿ ಸೊನ್ನೆ ಬರೆದು, ಕೈಯಲ್ಲಿನ ಒಂದನ್ನು ಎಡದ 9ಕ್ಕೆ ಸೇರಿಸಬೇಕು; ಅದೂ 10 ಆಗಿ ಪಕ್ಕದ 8ನ್ನು 9 ಮಾಡುತ್ತದೆ. ಏರುವ ಬದಿಯಲ್ಲಿ 8 ಕಾಣೆಯಾಗುವುದು ಹೀಗೆ. ಕುತೂಹಲವೆಂದರೆ 111111111ನ್ನು 9ರಿಂದ ಭಾಗಿಸಿದಾಗ ಬರುವ 12345679ರಲ್ಲಿಯೂ 8 ಇಲ್ಲ. 1ನ್ನು 81ರಿಂದ ಭಾಗಿಸಿದರೆ ಸಿಗುವ 0.012345679012345679… ಎಂಬ ದಶಮಾಂಶದಲ್ಲೂ ಇಲ್ಲ: 8, 9, 10 ಎಂದು ಏರಬೇಕಾದ ಅಂಕಿಗಳು ಇದೇ ರೀತಿಯಲ್ಲಿ ಒಂದನ್ನೊಂದು ತಳ್ಳಿರುತ್ತವೆ. 12345679 ಎಂಬುದು 37 ಮತ್ತು 333667 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ.

ನಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿದರೆ 81, ಅಂದರೆ 9ರ ವರ್ಗ. ಈ 81ರಿಂದ ಮೂಲ ಸಂಖ್ಯೆಯನ್ನೇ ಗುಣಿಸಿದರೆ 999999998000000001 ಬರುತ್ತದೆ. ಅದು 999999999ರ ವರ್ಗ. ಇಲ್ಲಿ ಕಾಪ್ರೇಕರರ ಇನ್ನೊಂದು ಶೋಧ ಎದುರಾಗುತ್ತದೆ. ವರ್ಗವನ್ನು ಎರಡು ತುಂಡು ಮಾಡಿ ಕೂಡಿದಾಗ ಮೂಲ ಸಂಖ್ಯೆಯೇ ಮರಳಿ ಸಿಕ್ಕರೆ ಅದಕ್ಕೆ ‘ಕಾಪ್ರೇಕರ್ ಸಂಖ್ಯೆ’ ಎಂದು ಹೆಸರು: 45ರ ವರ್ಗ 2025, 20 ಮತ್ತು 25 ಕೂಡಿದರೆ 45. ಮೇಲಿನ ಹದಿನೆಂಟು ಅಂಕಿಗಳನ್ನೂ ನಡುವೆ ಕತ್ತರಿಸಿ 999999998ಕ್ಕೆ 000000001ನ್ನು ಕೂಡಿದರೆ 999999999 ಸಿಗುತ್ತದೆ.