ರಿಮೋಟ್ ಕೊಳ್ಳುವ ಮೊದಲು ಕ್ಯಾಮೆರಾದ ಮಗ್ಗುಲು ನೋಡಿ

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಸ್ಟುಡಿಯೋಕ್ಕೆ ಬಂದು "ಸರ್, ಕ್ಯಾಮೆರಾಕ್ಕೊಂದು ರಿಮೋಟ್ ಬೇಕಾಗೇತ್ರಿ, ಯಾವುದು ಛಲೋ?" ಎಂದು ಕೇಳುವವರಿಗೆ ನಾನು ಮರಳಿ ಎರಡೇ ಪ್ರಶ್ನೆ ಹಾಕುತ್ತೇನೆ: ಕ್ಯಾಮೆರಾ ಯಾವ ಮಾಡೆಲಿನದು, ಮತ್ತು ನೀವು ತೆಗೆಯಬೇಕೆಂದಿರುವುದು ಏನನ್ನು? ಬಹುತೇಕರು ಅಷ್ಟರಲ್ಲಾಗಲೇ ದರವನ್ನೂ ಡಬ್ಬಿಯ ಮೇಲೆ ಅಚ್ಚಾದ "100 ಮೀಟರ್" ಎಂಬ ಸಂಖ್ಯೆಯನ್ನೂ ನೋಡಿಕೊಂಡು ಬಂದಿರುತ್ತಾರೆ. ಟ್ರೈಪಾಡಿನ ಪಕ್ಕದಲ್ಲೇ ನಿಂತು ಚಿತ್ರ ತೆಗೆಯುವವರಿಗೆ ಆ ನೂರು ಮೀಟರಿನಿಂದ ಆಗಬೇಕಾದದ್ದು ಏನೂ ಇಲ್ಲ.

ಶಟರ್ ಬಟನ್ ಒತ್ತುವಾಗ ಬೆರಳಿನಿಂದ ಕ್ಯಾಮೆರಾಕ್ಕೆ ತಗಲುವ ಅಲುಗಾಟವನ್ನು ತಪ್ಪಿಸುವುದು ರಿಮೋಟಿನ ಮೊದಲ ಕೆಲಸ. ಬೇರೆ ಅಲುಗಾಟಗಳಿಗೆ ಅದು ಮದ್ದಲ್ಲ. ಗೋಕಾಕ ಜಲಪಾತದ ತೂಗುಸೇತುವೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಸುಮಾರು 52 ಮೀಟರ್ ಕೆಳಗೆ ಧುಮುಕುವ ಘಟಪ್ರಭೆಯ ನೀರನ್ನು ಹಾಲಿನ ಹಾಗೆ ತೋರಿಸಲು ಒಂದು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೆ (ಅಂದರೆ ಶಟರನ್ನು ಅಷ್ಟು ಹೊತ್ತು ತೆರೆದಿಟ್ಟರೆ), ಆಚೆ ತುದಿಯಲ್ಲಿ ಒಬ್ಬರು ಹೆಜ್ಜೆ ಹಾಕಿದರೂ ಚಿತ್ರ ಮಸುಕಾಗುತ್ತದೆ. ಅಲ್ಲಿ ಬೇಕಾದದ್ದು ಗಟ್ಟಿ ನೆಲವೇ ಹೊರತು ದುಬಾರಿ ರಿಮೋಟ್ ಅಲ್ಲ. ಡಿಎಸ್ಎಲ್ಆರ್ ಕ್ಯಾಮೆರಾದ ಒಳಗಿನ ಕನ್ನಡಿ ಮೇಲೆದ್ದು ಬಡಿಯುವ ಕಂಪನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಆ ಕಂಪನ ಹೆಚ್ಚು ಕಾಡುವುದು ಸೆಕೆಂಡಿನ ಅರವತ್ತನೆಯ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ವೇಗಗಳಲ್ಲಿ; ಇಪ್ಪತ್ತು ಸೆಕೆಂಡಿನ ಚಿತ್ರದಲ್ಲಿ ಮೊದಲ ಅರೆಗಳಿಗೆಯ ನಡುಕ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ರಿಮೋಟ್ ಇದ್ದರೂ, ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ಮಿರರ್ ಲಾಕ್‌ಅಪ್ ಬಳಸುವುದು ಒಳ್ಳೆಯದು.

ಬಾದಾಮಿಯ ಗುಹಾಲಯಗಳ ಒಳಗಿನ ಶಿಲ್ಪಗಳನ್ನಷ್ಟೇ ತೆಗೆಯುವ ಉದ್ದೇಶವಿದ್ದರೆ ನಾನು ರಿಮೋಟ್ ಬೇಡವೆಂದೇ ಹೇಳುತ್ತೇನೆ. ಕಲ್ಲು ಎಲ್ಲಿಗೂ ಹೋಗುವುದಿಲ್ಲ. ಕ್ಯಾಮೆರಾದಲ್ಲಿಯೇ ಇರುವ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. (ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕೆಂಬುದನ್ನು ದೂರದಿಂದ ಬರುವವರು ಮರೆಯಬಾರದು.) ಸೆಲ್ಫ್ ಟೈಮರ್ ಸೋಲುವುದು ಮೂರು ಕಡೆ: ಗಳಿಗೆ ನಮ್ಮ ಕೈಯಲ್ಲಿರಬೇಕಾದಾಗ, 30 ಸೆಕೆಂಡು ಮೀರಿದ ಎಕ್ಸ್‌ಪೋಷರ್ ಬೇಕಾದಾಗ, ಒಂದರ ಹಿಂದೆ ಒಂದರಂತೆ ನೂರಾರು ಚಿತ್ರಗಳು ಬೇಕಾದಾಗ. ರೋಹಿಣಿ ಮಳೆಯ ಸಂಜೆ ಮಿಂಚು ಹಿಡಿಯಲು ಹೊರಟವರಿಗೂ ಮಲಪ್ರಭೆಯ ದಂಡೆಯಲ್ಲಿ ನಕ್ಷತ್ರಗಳ ಹಾದಿಯನ್ನು ದಾಖಲಿಸಬೇಕೆಂದವರಿಗೂ ರಿಮೋಟ್ ಬೇಕೇ ಬೇಕು.

ಇನ್ನು ಕ್ಯಾಮೆರಾದ ಮಗ್ಗುಲಿಗೆ ಬರೋಣ. ರಬ್ಬರ್ ಮುಚ್ಚಳ ತೆಗೆದರೆ ಕಾಣುವ, ರಿಮೋಟಿನ ಕೇಬಲ್ ಸಿಕ್ಕಿಸುವ ಪೋರ್ಟ್ ಕಂಪನಿಯಿಂದ ಕಂಪನಿಗಷ್ಟೇ ಅಲ್ಲ, ಒಂದೇ ಕಂಪನಿಯ ಮಾಡೆಲಿನಿಂದ ಮಾಡೆಲಿಗೂ ಬದಲಾಗುತ್ತದೆ. ಕ್ಯಾನನ್ 1500ಡಿ, 80ಡಿ ಮುಂತಾದವುಗಳಲ್ಲಿರುವುದು 2.5 ಮಿಲಿಮೀಟರಿನ ಸಣ್ಣ ಜ್ಯಾಕ್, ಕಂಪನಿಯ ಹೆಸರಿನಲ್ಲಿ ಇ3. 5ಡಿ ಸರಣಿಯಲ್ಲಿರುವುದು ಮೂರು ಪಿನ್ನಿನ ಎನ್3. ನಿಕಾನ್ ಡಿ850ರಲ್ಲಿ ಹತ್ತು ಪಿನ್ನಿನ ದುಂಡು ಪೋರ್ಟ್ ಇದ್ದರೆ, ಡಿ750ರಲ್ಲಿ ಡಿಸಿ2 ಎಂಬ ಚಪ್ಪಟೆ ಪೋರ್ಟ್ ಇದೆ. ನಿಕಾನ್ ಡಿ3500ರಲ್ಲಿ ಕೇಬಲ್ ಪೋರ್ಟೂ ಇಲ್ಲ, ಇನ್‌ಫ್ರಾರೆಡ್ ಗ್ರಾಹಕವೂ ಇಲ್ಲ. ಅದನ್ನು ದೂರದಿಂದ ನಡೆಸಲು ಮೊಬೈಲಿನ ಸ್ನ್ಯಾಪ್‌ಬ್ರಿಜ್ ಆ್ಯಪನ್ನೇ ನೆಚ್ಚಿಕೊಳ್ಳಬೇಕು. ಅಂಗಡಿಯಲ್ಲಿ ಜನ ಎಡವುವ ಇನ್ನೊಂದು ಜಾಗವಿದೆ. ಬೇರೆ ತಯಾರಕರು ತಮ್ಮ ಕೇಬಲುಗಳಿಗೆ ಸಿ1, ಸಿ3, ಎನ್1, ಎನ್3 ಎಂದು ಗುರುತು ಹಾಕುವಾಗ ಎನ್3 ಎಂದರೆ ಸಾಮಾನ್ಯವಾಗಿ ನಿಕಾನಿನ ಡಿಸಿ2 ಪೋರ್ಟಿನ ಕೇಬಲ್. ಕ್ಯಾನನ್ನಿನ ಎನ್3 ಪೋರ್ಟಿಗೆ ಕೇಳಬೇಕಾದದ್ದು ಸಿ3. ಗುರುತಿನ ಮೇಲೆ ಭರವಸೆ ಇಡದೆ ಕ್ಯಾಮೆರಾವನ್ನೇ ಜೊತೆಗೆ ಒಯ್ಯುವುದು ಲೇಸು. ಕೇಬಲನ್ನು ಬೇರ್ಪಡಿಸಿ ಬದಲಾಯಿಸಬಹುದಾದ ರಿಮೋಟ್ ಸಿಕ್ಕರೆ ಅದನ್ನೇ ಆರಿಸಿ. ಮುಂದೆ ಕ್ಯಾಮೆರಾ ಬದಲಾದರೂ ಕೇಬಲ್ ಒಂದನ್ನು ಕೊಂಡರೆ ಸಾಕು.

ಕೇಬಲ್ ರಿಮೋಟಿನ ಒಳಗೆ ಬೆರಗುಪಡುವಂಥದ್ದೇನೂ ಇಲ್ಲ. ಮೂರು ತಂತಿಗಳು: ಒಂದು ಫೋಕಸಿಗೆ, ಒಂದು ಶಟರಿಗೆ, ಮತ್ತೊಂದು ಎರಡಕ್ಕೂ ಸೇರಿದ ಗ್ರೌಂಡ್. ಅರ್ಧ ಒತ್ತಿದಾಗ ಫೋಕಸಿನ ತಂತಿ ಗ್ರೌಂಡಿಗೆ ತಾಗುತ್ತದೆ, ಪೂರ್ತಿ ಒತ್ತಿದಾಗ ಶಟರಿನದೂ ತಾಗುತ್ತದೆ. "ಬೀಪ್ ಅಂತೈತ್ರಿ, ಫೋಟೋ ಹೊಡಿವಲ್ದು" ಎಂದು ರಿಮೋಟ್ ಮರಳಿಸಲು ಬರುವವರ ಜ್ಯಾಕನ್ನು ನೋಡಿದರೆ ಅದು ಹಲವು ಸಲ ಪೂರ್ತಿ ಒಳಗೆ ಕೂತಿರುವುದಿಲ್ಲ. ನಮ್ಮ ಎರೆಮಣ್ಣಿನ ಧೂಳು ಪೋರ್ಟಿನಲ್ಲಿ ಗಟ್ಟಿಯಾಗಿ ಜ್ಯಾಕನ್ನು ಕೂದಲೆಳೆಯಷ್ಟು ಹೊರಗೆ ತಡೆದಿರುತ್ತದೆ. ಫೋಕಸ್ ಸಿಕ್ಕಿತೆಂದು ಹೇಳುವ ಬೀಪ್ ಸದ್ದೂ ಇಲ್ಲದೆ ಲೆನ್ಸ್ ಹಿಂದೆ ಮುಂದೆ ತಿರುಗುತ್ತಿದ್ದರೆ ದೋಷ ರಿಮೋಟಿನದಲ್ಲ. ಕತ್ತಲಲ್ಲಿ ಆಟೋಫೋಕಸಿಗೆ ಹಿಡಿತ ಸಿಕ್ಕಿಲ್ಲ, ಅಷ್ಟೆ. ಫೋಕಸನ್ನು ಮೊದಲೇ ಕಂಡುಕೊಂಡು ಮ್ಯಾನುಯಲ್‌ಗೆ ಬದಲಾಯಿಸಿದರೆ ಆ ತೊಂದರೆ ಇರುವುದಿಲ್ಲ.

ತಂತಿಯಿಲ್ಲದವುಗಳಲ್ಲಿ ಇನ್‌ಫ್ರಾರೆಡ್ ರಿಮೋಟ್ ಅಗ್ಗವಾದರೂ ನಾನು ಹೊರಾಂಗಣಕ್ಕೆ ಅದನ್ನು ಹೇಳುವುದಿಲ್ಲ. ಅದು ಕೆಲಸ ಮಾಡುವುದು ಸುಮಾರು ಐದು ಮೀಟರಿನೊಳಗೆ, ಅದೂ ಕ್ಯಾಮೆರಾದ ಮುಂಭಾಗದ ಗ್ರಾಹಕಕ್ಕೆ ನೇರವಾಗಿ ಹಿಡಿದಾಗ. ವಿಜಯಪುರದ ಕಡೆಯ ಮಧ್ಯಾಹ್ನದ ಬಿಸಿಲಿನಲ್ಲಿ ಆ ದೂರ ಇನ್ನೂ ಕುಗ್ಗುತ್ತದೆ. ಕುಟುಂಬದ ಗುಂಪುಚಿತ್ರದಲ್ಲಿ ತಾವೂ ನಿಲ್ಲಬೇಕೆನ್ನುವವರಿಗೆ ಅದು ಸರಿ. ರೇಡಿಯೋ ರಿಮೋಟಿಗೆ ನೇರ ನೋಟ ಬೇಕಿಲ್ಲ. ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಕ್ಯಾಮೆರಾ ಇಟ್ಟು, ಫ್ಲೆಮಿಂಗೊಗಳು ಬೆದರದಷ್ಟು ದೂರದಲ್ಲಿ ಜಾಲಿಗಿಡದ ಮರೆಯಲ್ಲಿ ಕೂರುವವರಿಗೆ ಅದರ ಬೆಲೆ ಸಲ್ಲುತ್ತದೆ. ಆದರೆ ಎರಡೂ ತುದಿಗೆ ಬ್ಯಾಟರಿ ಬೇಕು, ಮತ್ತು ಕ್ಯಾಮೆರಾದ ಬಳಿಯ ರಿಸೀವರಿನ ಬ್ಯಾಟರಿ ಮುಗಿದದ್ದು ದೂರದಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಚಿತ್ರವನ್ನು ಪರದೆಯ ಮೇಲೆ ನೋಡಬಹುದೆಂಬುದು ನಿಜವಾದ ಅನುಕೂಲ. ಒತ್ತಿದ್ದಕ್ಕೂ ಶಟರ್ ತೆರೆದದ್ದಕ್ಕೂ ನಡುವಿನ ತಡ ಮತ್ತು ಬೇಗ ಇಳಿಯುವ ಬ್ಯಾಟರಿ ಅದರ ತೊಡಕು.

ಹೆಚ್ಚು ಗೊಂದಲ ಇರುವುದು ಇಂಟರ್ವಲೋಮೀಟರ್, ಅಂದರೆ ಗೊತ್ತುಪಡಿಸಿದ ಅಂತರದಲ್ಲಿ ತಾನಾಗಿ ಚಿತ್ರ ತೆಗೆಸುವ ಟೈಮರ್ ಇರುವ ರಿಮೋಟಿನ ವಿಷಯದಲ್ಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಧ್ರುವನಕ್ಷತ್ರದ ಸುತ್ತ ಕಣ್ಣಿಗೆ ಒಪ್ಪುವಷ್ಟು ಉದ್ದದ ಕಮಾನುಗಳು ಮೂಡಲು ಒಂದೆರಡು ಗಂಟೆಯಾದರೂ ಬೇಕು. ನಮ್ಮಲ್ಲಿ ಧ್ರುವ ದಿಗಂತದಿಂದ ಬರೀ 16 ಡಿಗ್ರಿಯಷ್ಟು ಮೇಲಿರುವುದರಿಂದ ಉತ್ತರ ದಿಕ್ಕು ತೆರೆದಿರುವ ದಂಡೆಯನ್ನೇ ಹುಡುಕಬೇಕು. ಈಗ ಎಲ್ಲರೂ 30 ಸೆಕೆಂಡಿನ ಚಿತ್ರಗಳನ್ನು ಸಾಲಾಗಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಟೈಮರಿನಲ್ಲಿ ಅಂತರವನ್ನು 31 ಸೆಕೆಂಡಿಗೆ ಇಟ್ಟವರ ನಕ್ಷತ್ರರೇಖೆಗಳು ತುಂಡುತುಂಡಾಗಿ ಬರುತ್ತವೆ. ಕಾರಣ ಸರಳ: ಬಹಳಷ್ಟು ಕ್ಯಾಮೆರಾಗಳಲ್ಲಿ 30 ಎಂದು ತೋರಿಸುವ ಎಕ್ಸ್‌ಪೋಷರ್ ನಿಜದಲ್ಲಿ 32 ಸೆಕೆಂಡಿನದು, ಏಕೆಂದರೆ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಎಂದು ದ್ವಿಗುಣವಾಗುವ ಸರಣಿಯ ಮುಂದಿನ ಸಂಖ್ಯೆ ಅದೇ. 31ನೆಯ ಸೆಕೆಂಡಿನಲ್ಲಿ ಟೈಮರ್ ಕೊಟ್ಟ ಆಜ್ಞೆ ಶಟರ್ ಇನ್ನೂ ತೆರೆದಿರುವಾಗಲೇ ಬರುವುದರಿಂದ ಕ್ಯಾಮೆರಾ ಅದನ್ನು ಲೆಕ್ಕಿಸುವುದಿಲ್ಲ, ಅರ್ಧದಷ್ಟು ಚಿತ್ರಗಳು ತಪ್ಪಿಹೋಗುತ್ತವೆ. ಅಂತರವನ್ನು 34 ಸೆಕೆಂಡಿಗೆ ಇಡಬಹುದು. ಅದಕ್ಕಿಂತ ಸುಲಭದ ದಾರಿ, ಕ್ಯಾಮೆರಾವನ್ನು ಕಂಟಿನ್ಯುವಸ್ ಮೋಡಿನಲ್ಲಿಟ್ಟು ಸಾದಾ ಕೇಬಲ್ ರಿಮೋಟಿನ ಬಟನನ್ನು ಲಾಕ್ ಮಾಡುವುದು; ಒಂದು ಚಿತ್ರ ಮುಗಿದ ಕೂಡಲೇ ಮುಂದಿನದು ತಾನಾಗಿ ಶುರುವಾಗುತ್ತದೆ, ಟೈಮರಿನ ಹಂಗೇ ಇಲ್ಲ. ದೀರ್ಘ ಎಕ್ಸ್‌ಪೋಷರಿನ ಚಿತ್ರದಲ್ಲಿ ಮೂಡುವ ಚುಕ್ಕೆಗಳನ್ನು ತಗ್ಗಿಸುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಮಾತ್ರ ಬಂದ್ ಇರಲಿ, ಇಲ್ಲದಿದ್ದರೆ ಪ್ರತಿ ಚಿತ್ರದ ನಂತರ ಕ್ಯಾಮೆರಾ ಅಷ್ಟೇ ಹೊತ್ತು ಕಪ್ಪು ಚಿತ್ರವೊಂದನ್ನು ತೆಗೆಯುತ್ತ ಕೂರುತ್ತದೆ.

ಹಾಗಾದರೆ ಟೈಮರ್ ಯಾರಿಗೆ? ಬಟನ್ ಒತ್ತಿಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡಿನಲ್ಲಿ ನಾಲ್ಕೈದು ನಿಮಿಷಗಳ ಎಕ್ಸ್‌ಪೋಷರನ್ನು ಕರಾರುವಾಕ್ಕಾಗಿ ಕೊಡಬೇಕಾದವರಿಗೆ, ಮತ್ತು ಮೋಡಗಳ ಚಲನೆಯಂತಹ ಟೈಮ್‌ಲ್ಯಾಪ್ಸ್ (ಬಿಡಿ ಚಿತ್ರಗಳನ್ನು ಜೋಡಿಸಿ ವೇಗವಾಗಿ ಓಡಿಸುವ ವಿಡಿಯೋ) ಮಾಡುವವರಿಗೆ. ಅವರೂ ಕೊಳ್ಳುವ ಮೊದಲು ತಮ್ಮ ಕ್ಯಾಮೆರಾದ ಮೆನುವನ್ನು ಒಮ್ಮೆ ತಿರುವಿ ನೋಡಬೇಕು. ಕ್ಯಾನನ್ 80ಡಿಯಂತಹ ಎಷ್ಟೋ ಮಾಡೆಲುಗಳಲ್ಲಿ ಇಂಟರ್ವಲ್ ಟೈಮರೂ ಬಲ್ಬ್ ಟೈಮರೂ ಒಳಗೇ ಇವೆ.

ಕೆಲವು ನೂರು ರೂಪಾಯಿಯ ಕೇಬಲ್ ರಿಮೋಟನ್ನೂ ಅಂಗಡಿಯಲ್ಲೇ ಪರೀಕ್ಷಿಸಬೇಕು. ಅರ್ಧ ಒತ್ತು ಮತ್ತು ಪೂರ್ಣ ಒತ್ತಿನ ನಡುವೆ ಬೆರಳಿಗೆ ಸ್ಪಷ್ಟ ತಡೆ ಸಿಗುತ್ತದೆಯೇ ನೋಡಿ. ನಂತರ ಬಲ್ಬ್ ಮೋಡಿನಲ್ಲಿ ಬಟನ್ ಲಾಕ್ ಮಾಡಿ, ಕೇಬಲನ್ನು ಜ್ಯಾಕಿನ ಬುಡದಲ್ಲಿ ಮೆಲ್ಲಗೆ ಅತ್ತಿತ್ತ ಬಾಗಿಸುತ್ತ ಒಂದು ನಿಮಿಷ ಕಾಯಿರಿ. ಅಷ್ಟರಲ್ಲಿ ಶಟರ್ ತಾನಾಗಿ ಮುಚ್ಚಿಕೊಂಡರೆ ಒಳಗಿನ ಬೆಸುಗೆ ಸಡಿಲವೆಂದು ತಿಳಿದು ಬೇರೆಯದನ್ನು ಕೇಳಿ.