ಕೆರೆ ಹಕ್ಕಿಗಳನ್ನು ಓಡಿಸಿದರೆ ಹಕ್ಕಿ ಜ್ವರ ನಿಲ್ಲುತ್ತದಾ?

ಪ್ರಶ್ನೆ: ನಮ್ಮೂರು ಶಿರಾ ಹತ್ತಿರ. ಚಳಿಗಾಲದಲ್ಲಿ ಕೆರೆಗೆ ಹೊರದೇಶದ ಬಾತುಗಳು ಬರುತ್ತವೆ. ಊರ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪಕ್ಕದಲ್ಲೇ ಕೋಳಿ ಫಾರಂ ಇದೆ. ಈ ಹಕ್ಕಿಗಳೇ ಅಲ್ವಾ ಹಕ್ಕಿ ಜ್ವರ ತರೋದು? ಪಟಾಕಿ ಹೊಡೆದು ಓಡಿಸಿದರೆ, ಮರದ ಕೊಂಬೆ ಕಡಿಸಿದರೆ ಆಗಲ್ವಾ?

ಉತ್ತರ: ಎಲ್ಲೋ ಒಂದು ಕಡೆ ಕೋಳಿ ಸತ್ತ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, ಈ ಪ್ರಶ್ನೆ ಶುರು. ಪ್ರತಿ ವರ್ಷ ಉತ್ತರ ಕೊಡುತ್ತೇನೆ, ಮುಂದಿನ ವರ್ಷ ಮತ್ತೆ ಅದೇ. ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ದಯವಿಟ್ಟು ಪೂರ್ತಿ ಓದಿ.

ಓಡಿಸಬೇಡಿ. ಕೊಂಬೆಯನ್ನೂ ಕಡಿಸಬೇಡಿ. ಜತೆಯಲ್ಲೇ 'ಕೋಳಿ, ಮೊಟ್ಟೆ ತಿನ್ನಬಹುದಾ' ಅಂತ ಕೇಳುವವರಿಗೆ: ಚೆನ್ನಾಗಿ ಬೇಯಿಸಿ ತಿನ್ನಿ. ಒಳಗಿನವರೆಗೂ 70 ಡಿಗ್ರಿ ಸೆಲ್ಸಿಯಸ್ ಬಿಸಿ ತಾಕಿದರೆ ಈ ವೈರಸ್ ಉಳಿಯುವುದಿಲ್ಲ. ನಮ್ಮ ಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಮೇಲೆ.

ಈಗ ಹಕ್ಕಿಗಳ ಮೇಲಿನ ಆರೋಪಕ್ಕೆ ಬರೋಣ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಕೂತಿದೆ. ಹಕ್ಕಿ ಜ್ವರ ತರುವ ಇನ್‌ಫ್ಲುಯೆಂಜಾ ಎ (ಫ್ಲೂ) ವೈರಸ್‌ಗಳು ಮೊದಲಿನಿಂದಲೂ ಇರುವುದು ಕಾಡು ಬಾತು, ಕಡಲಕ್ಕಿ, ಕೆಸರಲ್ಲಿ ಮೇಯುವ ಹಕ್ಕಿಗಳಲ್ಲಿ. ವೈರಸ್ ಮೈಮೇಲಿನ ಎಚ್ ಪ್ರೋಟೀನಿನ 16 ಬಗೆ, ಎನ್ ಪ್ರೋಟೀನಿನ 9 ಬಗೆ ಈ ಹಕ್ಕಿಗಳಲ್ಲಿ ಸಿಕ್ಕಿವೆ. ಆದರೆ ಅಲ್ಲಿ ಅದು ಸಾಧು ವೈರಸ್. ಬಾತುವಿನ ಕರುಳಲ್ಲಿ ಇರುತ್ತದೆ. ಹಿಕ್ಕೆ ಜತೆ ನೀರಿಗೆ ಬೀಳುತ್ತದೆ. ಇನ್ನೊಂದು ಬಾತು ಆ ನೀರು ಕುಡಿಯುತ್ತದೆ. ಎರಡಕ್ಕೂ ಹೆಚ್ಚುಕಡಿಮೆ ಏನೂ ಆಗುವುದಿಲ್ಲ. ಸೈಬೀರಿಯಾ ಕಡೆಯಿಂದ ಹೊರಟ ಸೂಜಿಬಾಲದ ಬಾತು ದಾರಿಯಲ್ಲೇ ಸತ್ತುಬಿದ್ದರೆ ಅದರ ಹೊಟ್ಟೆಯ ವೈರಸ್ಸಿನ ಕಥೆಯೂ ಅಲ್ಲಿಗೇ ಮುಗಿಯಿತು. ಬಾತು ಹಾರಿದರೆ, ಗುಂಪು ಸೇರಿದರೆ ಮಾತ್ರ ವೈರಸ್ಸಿಗೆ ಉಳಿವು. ಹಾಗಾಗಿ ಬಾತುವನ್ನು ಕೊಲ್ಲದ ವೈರಸ್‌ಗಳೇ ತಲೆತಲಾಂತರದಿಂದ ಉಳಿದುಕೊಂಡು ಬಂದಿವೆ.

ಅದೇ ವೈರಸ್ ಕೋಳಿ ಶೆಡ್ಡಿಗೆ ನುಗ್ಗಿದರೆ ಲೆಕ್ಕವೇ ಬೇರೆ. ಒಂದೇ ಸೂರಿನಡಿ ಸಾವಿರಾರು ಕೋಳಿ. ಒಂದೇ ವಯಸ್ಸು, ಒಂದೇ ತಳಿ. ಒಂದು ಸತ್ತರೂ ಮುಂದಿನದು ಗೇಣು ದೂರದಲ್ಲೇ ಇದೆ. ಬೇಗ ಕೊಲ್ಲುವ ವೈರಸ್ಸಿಗೆ ಇಲ್ಲಿ ಯಾವ ನಷ್ಟವೂ ಇಲ್ಲ. ಬೇಗ ಹೆಚ್ಚುವ ವೈರಸ್ಸಿಗೆ ಲಾಭ ಇದೆ.

ಒಳಗೆ ಆಗುವುದೇನು? ವೈರಸ್ ಜೀವಕೋಶದೊಳಗೆ ಹೋಗಬೇಕಾದರೆ ಅದರ ಎಚ್ ಪ್ರೋಟೀನನ್ನು ಹಕ್ಕಿಯ ದೇಹದ ಒಂದು ಕಿಣ್ವ ಒಂದು ಜಾಗದಲ್ಲಿ ಕತ್ತರಿಸಬೇಕು. ಆ ಜಾಗವನ್ನು ಬೀಗ ಅಂದುಕೊಳ್ಳಿ. ಸಾಧು ವೈರಸ್ಸಿನ ಬೀಗಕ್ಕೆ ಹೊಂದುವ ಕೀಲಿ ಕರುಳಿನಲ್ಲಿ ಮತ್ತು ಉಸಿರಿನ ದಾರಿಯಲ್ಲಿ ಮಾತ್ರ ಇದೆ. ಆದರೆ ಎಚ್5 ಮತ್ತು ಎಚ್7 ಬಗೆಗಳಲ್ಲಿ ಕೆಲವೊಮ್ಮೆ ಆ ಜಾಗದ ರಚನೆ ಬದಲಾಗುತ್ತದೆ. ಆಗ ದೇಹದ ಎಲ್ಲ ಅಂಗಗಳಲ್ಲೂ ಇರುವ ಇನ್ನೊಂದು ಕೀಲಿಯೇ ಸಾಕಾಗುತ್ತದೆ. ಮೆದುಳು, ಹೃದಯ, ಯಕೃತ್ತು, ಎಲ್ಲ ಕಡೆ ವೈರಸ್. ಬೆಳಗ್ಗೆ ಕಾಳು ತಿಂದ ಕೋಳಿ ಸಂಜೆಗೆ ಇರುವುದಿಲ್ಲ.

ಈ ಬದಲಾವಣೆ ಆಗುವುದು ಎಲ್ಲಿ? ಕೆರೆಯಲ್ಲಲ್ಲ, ಶೆಡ್ಡಿನಲ್ಲಿ. ಇದು ಬರೀ ಊಹೆಯಲ್ಲ, ಕಣ್ಣೆದುರೇ ಆಗಿದೆ. 1983ರ ಏಪ್ರಿಲ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕೋಳಿಗಳಲ್ಲಿ ಎಚ್5ಎನ್2 (ಅಂದರೆ ಎಚ್ 5ನೇ ಬಗೆ, ಎನ್ 2ನೇ ಬಗೆ ಇರುವ ವೈರಸ್) ಕಾಣಿಸಿಕೊಂಡಾಗ ಅದು ಸಣ್ಣ ಕಾಯಿಲೆ. ಅಕ್ಟೋಬರ್ ಹೊತ್ತಿಗೆ ಅದೇ ವೈರಸ್ ಮಾರಕವಾಗಿತ್ತು. ಸುಮಾರು 1 ಕೋಟಿ 70 ಲಕ್ಷ ಕೋಳಿ ಹೋದವು. 1999ರಲ್ಲಿ ಇಟಲಿಯಲ್ಲೂ ಹೀಗೇ. ತಿಂಗಳುಗಟ್ಟಲೆ ಟರ್ಕಿ ಕೋಳಿ ಫಾರಂಗಳಲ್ಲಿ ಸುತ್ತಿದ ಸಾಧು ಎಚ್7ಎನ್1 ಡಿಸೆಂಬರ್‌ನಲ್ಲಿ ಮಾರಕವಾಯಿತು. ಈಗ ಜಗತ್ತನ್ನು ಕಾಡುತ್ತಿರುವ ಎಚ್5ಎನ್1 ವಂಶ ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ, ಸಾಕಿದ ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಜನ ಸತ್ತರು. ಅಲ್ಲಿ ಅದು ಹರಡಿದ್ದು ಜೀವಂತ ಕೋಳಿ ಮಾರುವ ಮಾರುಕಟ್ಟೆಗಳಲ್ಲಿ.

ಸಾಕಿದ ಹಕ್ಕಿಗಳಲ್ಲಿ ಮಾರಕವಾದ ಮೇಲೆ ಅದು ಕಾಡು ಹಕ್ಕಿಗಳಿಗೆ ವಾಪಸ್ ಹೋಯಿತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತವು. ಅದರಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಜಾಸ್ತಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಗದಗದ ಮಾಗಡಿ ಕೆರೆಗೆ ಬರುತ್ತವಲ್ಲ, ಅದೇ ಜಾತಿ. ಮುಂದೆ ಈ ವಂಶ ಕಾಡು ಹಕ್ಕಿಗಳ ಸಾಧು ವೈರಸ್‌ಗಳ ಜತೆ ಬೆರೆಯಿತು. ಫ್ಲೂ ವೈರಸ್ಸಿನ ಜೀನುಗಳು 8 ತುಂಡುಗಳಲ್ಲಿ ಇರುತ್ತವೆ. ಒಂದೇ ಬಾತುವಿಗೆ ಎರಡು ವೈರಸ್ ತಗುಲಿದರೆ ತುಂಡುಗಳು ಅದಲುಬದಲಾಗಿ ಮೂರನೆಯದು ಹುಟ್ಟಬಹುದು. ಹೀಗೆ ಬಂದ ಒಂದು ಕವಲು 2021ರ ಕೊನೆಗೆ ಅಟ್ಲಾಂಟಿಕ್ ದಾಟಿತು. ಆಮೇಲೆ ದಕ್ಷಿಣ ಅಮೆರಿಕದಲ್ಲಿ ಪೆಲಿಕನ್‌ಗಳನ್ನೂ ಕಡಲ ಸಿಂಹಗಳನ್ನೂ ಸಾವಿರಗಟ್ಟಲೆ ಕೊಂದು, ಅಂಟಾರ್ಕ್ಟಿಕಾವನ್ನೂ ಮುಟ್ಟಿತು.

ಆದ್ದರಿಂದ ಈಗ ಕಾಡು ಹಕ್ಕಿಗಳು ರೋಗ ಹೊರುತ್ತವೆ, ಹೌದು. ಅದರಿಂದಲೇ ಸಾಯುತ್ತವೆ ಕೂಡ. ಅವುಗಳಿಗೆ ಅದನ್ನು ಅಂಟಿಸಿದ್ದು ನಮ್ಮ ಸಾಕಣೆ. ಇದನ್ನು ಮರೆತು ಹಕ್ಕಿಗಳ ಕಡೆ ಬೆರಳು ತೋರಿಸಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಿಮ್ಮ ಹುಣಸೆ ಮರದ ಕೊಕ್ಕರೆಗಳ ವಿಷಯ. ನಿಮ್ಮ ತಾಲ್ಲೂಕಿನದೇ ಕಗ್ಗಲಡು ಗೊತ್ತಲ್ವಾ? ಅಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಸೈಬೀರಿಯಾದ್ದಲ್ಲ, ನಮ್ಮ ದೇಶದ್ದೇ ಹಕ್ಕಿ. ಊರವರು ಅವನ್ನು ಕಾಯ್ದುಕೊಂಡು ಬಂದಿದ್ದಾರೆ. ಅದು ಜಿಲ್ಲೆಗೇ ಹೆಮ್ಮೆ. ಪಟಾಕಿ ಹೊಡೆದರೆ ಆಗುವುದಿಷ್ಟೇ: ಒಂದು ಕೆರೆಯಲ್ಲಿದ್ದ ಹಕ್ಕಿಗಳು ಹತ್ತು ಕೆರೆಗೆ ಚೆದುರುತ್ತವೆ. ಒಂದೊಮ್ಮೆ ಅವುಗಳಲ್ಲಿ ರೋಗ ಇದ್ದರೆ ಅದೂ ಚೆದುರುತ್ತದೆ.

ಶೆಡ್ಡಿನಿಂದ ಶೆಡ್ಡಿಗೆ ರೋಗ ಒಯ್ಯುವುದು ಚಪ್ಪಲಿ, ಮೊಟ್ಟೆ ಟ್ರೇ, ಕೋಳಿ ಸಾಗಿಸುವ ಗಾಡಿ, ಮೇವಿನ ಚೀಲ. ನಮ್ಮ ಕಡೆ ದ್ರಾಕ್ಷಿ, ಟೊಮ್ಯಾಟೊ ತೋಟಕ್ಕೆ ಲೋಡುಗಟ್ಟಲೆ ಬರುವ ಕೋಳಿ ಗೊಬ್ಬರದ ಬಗ್ಗೆಯೂ ಎಚ್ಚರ ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಸತ್ತ ಕೋಳಿಯನ್ನು ಕೆರೆ ಅಂಚಿಗೆ ಎಸೆಯುವುದು. ಕಾಗೆ, ಹದ್ದು, ನಾಯಿ ಎಲ್ಲ ಅಲ್ಲೇ ತಿನ್ನುತ್ತವೆ. ಸತ್ತ ಕೋಳಿಯನ್ನು ಸುಣ್ಣ ಹಾಕಿ ಆಳವಾಗಿ ಹೂಳಿ. ಒಂದೇ ಸಲ ಹಲವು ಸತ್ತರೆ ಮುಟ್ಟಬೇಡಿ, ಪಶು ಆಸ್ಪತ್ರೆಗೆ ಹೇಳಿ. ಮಾದರಿ ಭೋಪಾಲ್‌ನ ಪ್ರಯೋಗಾಲಯಕ್ಕೆ ಹೋಗುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ರೋಗ ಖಚಿತವಾಗಿದ್ದು ಹೀಗೇ. ಖಚಿತವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿಲೋಮೀಟರ್‌ವರೆಗೆ ಕಣ್ಣಿಡುತ್ತಾರೆ. ಹೀಗೆ ಕೊಂದ ಕೋಳಿಗೆ ಪರಿಹಾರ ಇದೆ. ಮುಚ್ಚಿಟ್ಟಾಗ ತಾವಾಗಿ ಸತ್ತದ್ದಕ್ಕೆ ಇಲ್ಲ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಲಿಲ್ಲ, ಆದರೆ ಕೋಲಾರ, ಚಿಕ್ಕಬಳ್ಳಾಪುರದಂಥ ಹಾಲಿನ ಸೀಮೆಯವರು ಕೇಳಬೇಕಿತ್ತು. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು. ಆಮೇಲೆ ಅಲ್ಲಿ 1,000ಕ್ಕೂ ಹೆಚ್ಚು ಹಿಂಡುಗಳಿಗೆ ಹಬ್ಬಿತು. ಹಸುವಿನ ಕೆಚ್ಚಲಲ್ಲಿ ಹಕ್ಕಿ ವೈರಸ್ ಅಂಟಿಕೊಳ್ಳಲು ಬೇಕಾದ ಕೊಂಡಿಗಳು ಹೇರಳವಾಗಿವೆ. ಹಾಲು ಕರೆಯುವ ಯಂತ್ರ, ಹಸುಗಳ ಸಾಗಾಟ ಉಳಿದ ಕೆಲಸ ಮಾಡಿದವು. ಆ ಹಸುಗಳು ಮೇವು ಬಿಟ್ಟವು, ಹಾಲು ಇಳಿಯಿತು, ಬಂದ ಹಾಲು ಗಿಣ್ಣಿನ ಹಾಗೆ ಹಳದಿಯಾಗಿ ಗಟ್ಟಿಯಾಗಿತ್ತು. ಹಸಿ ಹಾಲು ಕುಡಿದ ಕೊಟ್ಟಿಗೆ ಬೆಕ್ಕುಗಳು ಸತ್ತವು.

ಕಾಯಿಸಿದ ಹಾಲಿನಲ್ಲಿ ಈ ವೈರಸ್ ಉಳಿಯುವುದಿಲ್ಲ, ಡೈರಿಯ ಪಾಶ್ಚರೀಕರಿಸಿದ ಹಾಲಿನಲ್ಲೂ ಇಲ್ಲ. ಹಸಿ ಹಾಲು ಕುಡಿಯುವ ಅಭ್ಯಾಸ ಇದ್ದವರು ಬಿಟ್ಟುಬಿಡಿ. ಕೋಳಿಗಳನ್ನು ಕೊಟ್ಟಿಗೆಯಲ್ಲೇ ಕೂಡುವವರು ಬೇರೆ ಗೂಡು ಮಾಡಿ. ಒಂದೇ ವಾರದಲ್ಲಿ ಕೋಳಿ ಸತ್ತು, ಬೆಕ್ಕೂ ಸತ್ತು, ಹಸುವಿನ ಹಾಲೂ ಇಳಿದರೆ ಮೂರನ್ನೂ ಒಟ್ಟಿಗೆ ಡಾಕ್ಟರಿಗೆ ಹೇಳಿ. ಬರೀ ಹಾಲು ಇಳಿದಿದೆ ಅಂದರೆ ಅವರು ಕೆಚ್ಚಲುಬಾವಿಗೆ ಔಷಧಿ ಕೊಟ್ಟು ಹೋಗುತ್ತಾರೆ.